ಊದದೆ ಮಾಡಿದ ಗಾಜಿನ ಸೀಸೆ

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೇಣುದ್ದವೂ ಇಲ್ಲದ ಕಡುನೀಲಿ ಗಾಜಿನ ಸೀಸೆ ನೋಡಿದೆ. ಮೈತುಂಬ ಹಳದಿ, ಬಿಳಿ ಅಂಕುಡೊಂಕು ಗೆರೆ. ಗ್ರೀಕರ ಸುಗಂಧದ ಸೀಸೆ, ಕ್ರಿ.ಪೂ. 5ನೇ ಶತಮಾನದ್ದು ಎಂದಿತ್ತು. ಆಗಿನ್ನೂ ಗಾಜು ಊದುವುದೇ ಗೊತ್ತಿರಲಿಲ್ಲವಂತೆ. ಹಾಗಾದರೆ ಒಳಗೆ ಟೊಳ್ಳು ಹೇಗೆ ಬಂತು? ಗೆರೆಗಳು ಬಣ್ಣ ಬಳಿದದ್ದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಳಿದದ್ದಲ್ಲ, ಆ ಗೆರೆಗಳೂ ಗಾಜೇ. ಪ್ರಯೋಗಾಲಯಗಳಿಗೆ ಫ್ಲಾಸ್ಕು, ಕೊಳವೆ ಊದಿಕೊಡುವುದು ನನ್ನ ಕಸುಬು. ಉಸಿರಿನ ನೆರವಿಲ್ಲದೆ ಇಂಥದ್ದನ್ನು ಮಾಡಿದವರ ಬಗ್ಗೆ ನನಗೆ ಬಹಳ ಗೌರವ.

ಜೇಡಿಮಣ್ಣು, ಮರಳು, ಸಗಣಿ ಕಲಸಿ ಲೋಹದ ಸರಳಿನ ತುದಿಗೆ ಸೀಸೆಯ ಒಳ ಆಕಾರದಲ್ಲಿ ಮೆತ್ತುತ್ತಿದ್ದರು. ಈ ಒಳಅಚ್ಚು ಒಣಗಿದ ಮೇಲೆ ಅದಕ್ಕೆ ಕರಗಿದ ಗಾಜು ಹೊದಿಸಿ, ಕಲ್ಲಿನ ಹಾಸಿನ ಮೇಲೆ ಹೊರಳಿಸಿ ನಯ ಮಾಡುವುದು. ಆಮೇಲೆ ಬಣ್ಣದ ಗಾಜಿನ ಎಳೆಯನ್ನು ಬುಗುರಿಗೆ ಚಾಟಿ ಸುತ್ತಿದ ಹಾಗೆ ಸುತ್ತಿ, ಮೆತ್ತಗಿರುವಾಗಲೇ ಚೂಪು ಮೊನೆಯಿಂದ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆದರೆ ನೀವು ಕಂಡ ಅಂಕುಡೊಂಕು. ಮತ್ತೊಮ್ಮೆ ಹೊರಳಿಸಿದರೆ ಎಳೆ ಮೈಯೊಳಗೇ ಕೂರುತ್ತದೆ. ನೀಲಿ ಬಂದದ್ದು ಕೋಬಾಲ್ಟಿನಿಂದ, ಬಿಳಿ ಆಂಟಿಮನಿ ಎಂಬ ಧಾತುವಿನಿಂದ. ಹಳದಿಗೆ ಆಂಟಿಮನಿಯ ಜೊತೆ ಸೀಸವೂ ಬೇಕು.

ಬಾಯಿ, ಹಿಡಿ ಅಂಟಿಸಿದ ಮೇಲೆ ಉಳಿಯುವುದು ನಿಧಾನವಾಗಿ ತಣ್ಣಗಾಗಿಸುವ ಕೆಲಸ. ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ಇದೇ. ಅವಸರ ಮಾಡಿದರೆ ಹೊರಮೈ ಮೊದಲು ಬಿಗಿಯುತ್ತದೆ, ಒಳಗಿನ ಗಾಜು ತಡವಾಗಿ ಕುಗ್ಗುತ್ತದೆ, ಸೀಸೆ ಬಿರಿಯುತ್ತದೆ. ಪೂರ್ತಿ ಆರಿದ ಮೇಲೆ ಮಣ್ಣನ್ನು ಕೆರೆದು ತೆಗೆಯುತ್ತಿದ್ದರು. ಊದಿದ ಗಾಜು ಒಳಗೂ ನುಣುಪು. ಇವುಗಳ ಒಳಮೈ ತರಿತರಿ, ಕೆಲವದರಲ್ಲಿ ಆ ಮಣ್ಣು ಇಂದಿಗೂ ಅಂಟಿಕೊಂಡಿದೆ.

ಅಂದಿನ ಸುಗಂಧವೆಂದರೆ ಎಣ್ಣೆ; ಆಲ್ಕೋಹಾಲಿನ ಸೆಂಟಲ್ಲ. ಬಿಸಿಲು, ಸೆಕೆ ತಾಗಿದರೆ ಅದು ಕೆಡುತ್ತದೆ ಎಂದು ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್ ಬರೆದಿದ್ದಾನೆ. ಬೆಳಕು ಹಾಯದ ದಪ್ಪ ಗಾಜು, ಕಿರಿದಾದ ಕೊರಳು ಅದಕ್ಕೆ ಹೇಳಿ ಮಾಡಿಸಿದಂತಿವೆ. ಚಪ್ಪಟೆ ಅಂಚು ಹನಿಯನ್ನು ಮೈಗೆ ಸವರಿಕೊಳ್ಳಲು ಅನುಕೂಲ.

ಇವು ಹೆಚ್ಚಾಗಿ ತಯಾರಾದ ಜಾಗಗಳಲ್ಲಿ ರೋಡ್ಸ್ ದ್ವೀಪವೂ ಒಂದೆಂದು ತಿಳಿದವರು ಎಣಿಸುತ್ತಾರೆ. ಕ್ರಿ.ಪೂ. 1ನೇ ಶತಮಾನದಲ್ಲಿ ಸಿರಿಯಾ–ಪ್ಯಾಲೆಸ್ಟೈನ್ ಕಡೆ ಊದುವ ವಿದ್ಯೆ ಹುಟ್ಟಿತು, ಗಾಜು ಅಗ್ಗವಾಯಿತು, ಮಣ್ಣಿನ ಒಳಅಚ್ಚು ಮೂಲೆ ಸೇರಿತು. ನನಗೆ ಅನ್ನ ಕೊಟ್ಟದ್ದು ಆ ಊದುವ ವಿದ್ಯೆಯೇ. ಆದರೂ ಚೆಲುವಿನಲ್ಲಿ ಈ ಹಳೆಯ ಸೀಸೆಗಳಿಗೇ ನನ್ನ ಓಟು. ಮತ್ತೆ ಹೋದರೆ ಪಕ್ಕದಲ್ಲಿ ನಿಂತು ನೋಡಿ, ಮೊನೆ ಎಳೆದಲ್ಲೆಲ್ಲ ಸೀಸೆಯ ಮೈ ಉದ್ದುದ್ದ ತುಸು ತಗ್ಗಿರುತ್ತದೆ.