72 ಮತ್ತು 76 ಒಂದೇ ವಾಕ್ಯದಲ್ಲಿ ಕೂರಬಾರದು

ನಮಸ್ಕಾರ.

ನಿಮ್ಮ ‘ಏಷ್ಯಾದ ಹೆಣ್ಣಿನ ಒಳಗಿನ ಶತ್ರು’ ಲೇಖನ ತಲುಪಿತು. ಒಮ್ಮೆ ಓದಿ ಬದಿಗಿಟ್ಟೆ. ರಾತ್ರಿ ಊಟವಾದ ಮೇಲೆ ಮತ್ತೆ ತೆಗೆದು ಓದಿದೆ. ಸಿಟ್ಟು ಬಂತು. ಬರೆಯಲು ಬಾರದವರ ಬರಹ ಓದಿದರೆ ನನಗೆ ಸಿಟ್ಟು ಬರುವುದಿಲ್ಲ, ಎರಡು ಸಾಲಿನ ಉತ್ತರ ಬರೆದು ಮುಂದಕ್ಕೆ ಹೋಗುತ್ತೇನೆ. ನಿಮಗೆ ಬರೆಯಲು ಬರುತ್ತದೆ. ನಿಮ್ಮ ವಾಕ್ಯವನ್ನು ಜನ ನಂಬುತ್ತಾರೆ. ಅದಕ್ಕೇ ಇಷ್ಟು ಉದ್ದದ ಪತ್ರ.

ಚೆನ್ನಾಗಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ವೈರಸ್ ಒಳಗೆ ಬಂದಾಗ ಅಪೊಬೆಕ್ ಎಂಬ ಕಿಣ್ವಗಳು ಅದರ ಡಿಎನ್‌ಎ ಬರಹದಲ್ಲಿ ‘ಸಿ’ ಇದ್ದ ಕಡೆ ‘ಯು’ ಮಾಡಿ, ಇಡೀ ಬರಹವನ್ನೇ ಕೆಡಿಸುವುದನ್ನು ನೀವು ವಿವರಿಸಿದ್ದೀರಿ. ಆ ಪ್ಯಾರಾ ತಿಳಿಯಾಗಿದೆ. ಅದನ್ನು ನಾನು ಮುಟ್ಟುವುದಿಲ್ಲ. ವಿಷಯದ ಆಯ್ಕೆಯೂ ಒಳ್ಳೆಯದು. ಸ್ತನ ಕ್ಯಾನ್ಸರ್‌ನ ಜೀನ್ ಸಂಶೋಧನೆಯಲ್ಲಿ ಹೆಚ್ಚಿನ ಪಾಲು ಯುರೋಪ್ ಮೂಲದ ಹೆಂಗಸರ ಮೇಲೇ ನಡೆದಿದೆ. ಏಷ್ಯಾದ ಹೆಂಗಸರ ಬಗ್ಗೆ ಬರೆಯಬೇಕು ಎಂದು ನಿಮಗೆ ಅನಿಸಿತಲ್ಲ, ಅದು ಸಂತೋಷ.

ಈಗ ಎರಡನೇ ಪುಟ. ನಿಮ್ಮದೇ ವಾಕ್ಯ:

“ಬಿಆರ್‌ಸಿಎ1 ಜೀನ್ ಕೆಟ್ಟವರಿಗೆ ಸ್ತನ ಕ್ಯಾನ್ಸರ್ ಅಪಾಯ ಶೇ 72 ಆದರೆ, ಅಪೊಬೆಕ್3ಬಿ ಜೀನ್‌ನ ಎರಡೂ ಪ್ರತಿ ಅಳಿದುಹೋದವರಿಗೆ ಅದು ಶೇ 76!”

ಬಿಆರ್‌ಸಿಎ1 ಎಂದರೆ ಡಿಎನ್‌ಎ ರಿಪೇರಿಗೆ ಬೇಕಾದ ಜೀನ್. ಅಪೊಬೆಕ್3ಬಿ ಎಂದರೆ ಮೇಲೆ ಹೇಳಿದ ಅಪೊಬೆಕ್ ಕಿಣ್ವಗಳಲ್ಲಿ ಒಂದನ್ನು ಮಾಡುವ ಜೀನ್. ಎರಡೂ ಅಂಕಿ ನೀವು ಹುಟ್ಟಿಸಿದ್ದಲ್ಲ. ಎರಡಕ್ಕೂ ಹಿಂದೆ ಗಟ್ಟಿ ಅಧ್ಯಯನಗಳಿವೆ. ಆದರೂ ಈ ವಾಕ್ಯ ಪೂರ್ತಿ ಸುಳ್ಳು ಹೇಳುತ್ತದೆ. ಯಾಕೆ ಅಂತ ನಿಧಾನಕ್ಕೆ ನೋಡೋಣ.

ಮೊದಲು 72. ಇದು 2017ರಲ್ಲಿ ಬಂದ ದೊಡ್ಡ ಅಧ್ಯಯನದ ಅಂಕಿ. ಕೆಟ್ಟ ಬಿಆರ್‌ಸಿಎ1 ಇರುವ ನೂರು ಹೆಂಗಸರನ್ನು ತೆಗೆದುಕೊಂಡರೆ, 80 ವರ್ಷ ತುಂಬುವುದರೊಳಗೆ ಅವರಲ್ಲಿ ಸುಮಾರು 72 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಇದು ತಲೆ ಎಣಿಸಿದ ಲೆಕ್ಕ. ನೂರರಲ್ಲಿ ಎಷ್ಟು ಜನ ಅಂತ ನೇರವಾಗಿ ಹೇಳುತ್ತದೆ.

ಇನ್ನು 76. ಇದು 2013ರಲ್ಲಿ ಪ್ರಕಟವಾದ, ಶಾಂಘೈನ ಹೆಂಗಸರನ್ನು ಇಟ್ಟುಕೊಂಡು ಮಾಡಿದ ಅಧ್ಯಯನದ್ದು. ಜೀನ್ ಅಳಿಯದವರ ಜೊತೆ ಹೋಲಿಸಿದರೆ, ಒಂದು ಪ್ರತಿ ಅಳಿದವರಲ್ಲಿ ಅಪಾಯ 1.31 ಪಟ್ಟು, ಎರಡೂ ಅಳಿದವರಲ್ಲಿ 1.76 ಪಟ್ಟು. ನಿಮ್ಮ ಶೇ 76 ಬಂದದ್ದು ಈ 1.76ರಿಂದ. ಅಂದರೆ ‘ಉಳಿದವರಿಗಿಂತ ಶೇ 76ರಷ್ಟು ಜಾಸ್ತಿ’. ಉಳಿದವರಿಗೆ ಎಷ್ಟು ಎಂದು ಹೇಳದಿದ್ದರೆ ಈ ಅಂಕಿಗೆ ಕಾಲೂರಲು ನೆಲವೇ ಇಲ್ಲ.

ಲೆಕ್ಕಕ್ಕೆ ಬೇಕಾದ್ದರಿಂದ ಹೀಗಿಟ್ಟುಕೊಳ್ಳಿ: ಜೀನ್ ಅಳಿಯದ ನೂರು ಹೆಂಗಸರಲ್ಲಿ ಜೀವಮಾನದಲ್ಲಿ ನಾಲ್ವರಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಹಾಗಾದರೆ ಒಂದು ಪ್ರತಿ ಅಳಿದ ನೂರು ಜನರಲ್ಲಿ ಹೆಚ್ಚುಕಮ್ಮಿ ಐವರಿಗೆ, ಎರಡೂ ಅಳಿದ ನೂರು ಜನರಲ್ಲಿ ಏಳು ಮಂದಿಗೆ. ನಾಲ್ಕರಿಂದ ಏಳು. ಇದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ, ಆ ಮೂವರು ಯಾರದೋ ಮನೆಯವರೇ ಅಲ್ವಾ. ಆದರೆ ಉಳಿದ 93 ಜನರಿಗೆ ಏನೂ ಆಗುವುದಿಲ್ಲ. ನಿಮ್ಮ ವಾಕ್ಯ ಓದಿದವರಿಗೆ ನೂರರಲ್ಲಿ 24 ಮಂದಿ ಮಾತ್ರ ಉಳಿದುಕೊಂಡ ಹಾಗೆ ಕಾಣುತ್ತದೆ. ಜೊತೆಗೆ, ಬಿಆರ್‌ಸಿಎ1 ಕೆಟ್ಟಿರುವುದಕ್ಕಿಂತ ಇದು ಭಯಂಕರ ಅಂತಲೂ ಅನಿಸುತ್ತದೆ. ನೀವು ಕೊನೆಯಲ್ಲಿ ಹಾಕಿದ ಆಶ್ಚರ್ಯಸೂಚಕ ಚಿಹ್ನೆ ಅದನ್ನೇ ಕೂಗಿ ಹೇಳುತ್ತಿದೆ.

ಮುಂದಿನ ವಾಕ್ಯ: “ಈ ದೋಷ ಹೊತ್ತ ನತದೃಷ್ಟ ಹೆಂಗಸರಿಗೆ ಅದರ ಸುಳಿವೂ ಇರುವುದಿಲ್ಲ.”

ನತದೃಷ್ಟರು ಎಷ್ಟು ಮಂದಿ ಅಂತ ಯೋಚಿಸಿದ್ದೀರಾ? ಪೂರ್ವ ಏಷ್ಯಾದಲ್ಲಿ ಈ ಜೀನ್‌ನ ಪ್ರತಿಗಳಲ್ಲಿ ಸುಮಾರು ಶೇ 37 ಅಳಿದ ಪ್ರತಿಗಳೇ. ಪ್ರತಿಯೊಬ್ಬರಲ್ಲೂ ತಾಯಿಯಿಂದ ಒಂದು, ತಂದೆಯಿಂದ ಒಂದು ಇರುತ್ತದೆ. ಗುಣಿಸಿ ನೋಡಿ. ನೂರರಲ್ಲಿ ಸುಮಾರು 60 ಜನರಲ್ಲಿ ಕಡೇ ಪಕ್ಷ ಒಂದಾದರೂ ಅಳಿದಿರುತ್ತದೆ. ಸುಮಾರು 14 ಜನರಲ್ಲಿ ಎರಡೂ ಅಳಿದಿರುತ್ತವೆ. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಇರುವುದನ್ನು ‘ದೋಷ’ ಎಂದು ಕರೆಯುವುದು ಹೇಗೆ? ಅದು ಆ ಜನರ ಸಹಜ ವೈವಿಧ್ಯದ ಒಂದು ಭಾಗ. ಓಷಿಯಾನಿಯಾದ ದ್ವೀಪಗಳಲ್ಲಂತೂ ಅಳಿದ ಪ್ರತಿಯೇ ಶೇ 90 ದಾಟಿದೆ. ಅಲ್ಲಿ ಜೀನ್ ಪೂರ್ತಿ ಉಳಿದವರೇ ಅಪರೂಪ.

ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಎಂದು ನಿಮಗೆ ಅನಿಸಬಹುದು. ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಅಲ್ಲಿ ಆರೋಗ್ಯದ ಪುಟ ನೋಡುತ್ತಿದ್ದ ಹಿರಿಯರು ಒಂದು ನಿಯಮ ಇಟ್ಟುಕೊಂಡಿದ್ದರು. ಶೇಕಡಾ ಇರುವ ಯಾವ ಸುದ್ದಿಯೂ ಅವರ ಮೇಜಿನಿಂದ ನೇರವಾಗಿ ಕಂಪೋಸಿಂಗಿಗೆ ಹೋಗುತ್ತಿರಲಿಲ್ಲ. ಹಳೇ ಗ್ಯಾಲಿ ಪ್ರೂಫ್ ತಿರುಗಿಸಿ, ಅದರ ಬೆನ್ನಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಸೊನ್ನೆ ಬರೆಯಲು ನನಗೆ ಹೇಳುತ್ತಿದ್ದರು. ಆಮೇಲೆ ಸುದ್ದಿಯಲ್ಲಿರುವ ಲೆಕ್ಕದ ಪ್ರಕಾರ ಸೊನ್ನೆಗಳಿಗೆ ಕೆಂಪು ಶಾಯಿ ತುಂಬಬೇಕು. ತುಂಬಲು ಆಗದಿದ್ದರೆ ಸುದ್ದಿಯಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. ಸುದ್ದಿ ವಾಪಸ್. ‘ಅಪಾಯ ಇಮ್ಮಡಿ’ ಎಂಬ ಸುದ್ದಿ ಬಂದಾಗಲೆಲ್ಲ ನಾನು ಪೆನ್ನು ಹಿಡಿದುಕೊಂಡು ಸುಮ್ನೆ ಕೂತಿರುತ್ತಿದ್ದೆ. ಯಾವುದರ ಇಮ್ಮಡಿ? ಎಷ್ಟು ಸೊನ್ನೆ ತುಂಬಲಿ? ಅವರು ಬೈಯುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡಿ, “ಫೋನ್ ಮಾಡಿ ಕೇಳು” ಅನ್ನುತ್ತಿದ್ದರು.

ಓದುಗರ ಕಾಗದ ಒಡೆದು ಓದುವುದೂ ಆಗ ನನ್ನ ಕೆಲಸವೇ. ಬೇರೆ ಎಲ್ಲೋ ಬಂದ ಲೇಖನ ಓದಿ ಹೆದರಿ ನಮಗೆ ಬರೆಯುತ್ತಿದ್ದವರು ಎಷ್ಟೋ ಮಂದಿ. ಒಬ್ಬರ ಕಾಗದ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಇದು ರಕ್ತದಲ್ಲೇ ಬರುತ್ತದೆ ಎಂದು ಎಲ್ಲೋ ಓದಿದ್ದರು. ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು. ಗಂಡಿನ ಕಡೆಯವರಿಗೆ ಹೇಳಬೇಕಾ, ಮುಚ್ಚಿಡಬೇಕಾ ಎಂದು ಕೇಳಿದ್ದರು. ಇಡೀ ಕಾಗದದಲ್ಲಿ ತಮ್ಮ ಆರೋಗ್ಯದ ಬಗ್ಗೆ ಒಂದು ಮಾತಿಲ್ಲ. ಹಿರಿಯರು ಆ ಮಧ್ಯಾಹ್ನ ಬೇರೆ ಕೆಲಸ ಬಿಟ್ಟು ಅವರಿಗೆ ಕೈಯಾರೆ ಉತ್ತರ ಬರೆದರು. ನಿಮ್ಮ ವಾಕ್ಯ ಓದುವಾಗ ನನಗೆ ಆ ಅಕ್ಷರಗಳೇ ನೆನಪಾದವು. ನಿಮ್ಮ ಲೇಖನ ಓದುವವರಲ್ಲಿ ಅಂಥವರು ಇರುತ್ತಾರೆ. ಅವರು ಮೂಲ ಪ್ರಬಂಧ ಹುಡುಕಿಕೊಂಡು ಹೋಗುವುದಿಲ್ಲ, ನಿಮ್ಮನ್ನು ನಂಬುತ್ತಾರೆ.

ಇನ್ನು ಎರಡನೆಯ ತೊಂದರೆ. ಕಾರಣ ಕಟ್ಟುವುದರಲ್ಲಿ ನಿಮಗೆ ಅವಸರ ಜಾಸ್ತಿ.

“ನಮ್ಮನ್ನು ಕಾಯುವ ಜೀನ್ ಕಾಣೆಯಾದರೆ, ಕಾವಲುಗಾರನಿಲ್ಲದ ಮನೆಗೆ ಕಳ್ಳ ನುಗ್ಗಿದ ಹಾಗೆ ಕ್ಯಾನ್ಸರ್ ನುಗ್ಗುತ್ತದೆ.”

ಓದಲು ಸೊಗಸಾಗಿದೆ. ಆದರೆ ನಡೆಯುವುದು ಹೀಗಲ್ಲ. ಇಲ್ಲಿ ನೀವು ಒಂದು ದೊಡ್ಡ ಒಗಟನ್ನು ದಾಟಿ ಮುಂದೆ ಹೋಗಿದ್ದೀರಿ, ಅದೇ ನನಗೆ ಬೇಜಾರು. ಅಪೊಬೆಕ್3ಬಿ ಬರೀ ವೈರಸ್‌ನ ಡಿಎನ್‌ಎ ಕೆಡಿಸಿ ಸುಮ್ಮನಿರುವ ಕಿಣ್ವ ಅಲ್ಲ. ಅದು ನಮ್ಮದೇ ಡಿಎನ್‌ಎ ಮೇಲೂ ಕೈಯಾಡಿಸುತ್ತದೆ. ಎಷ್ಟೋ ಸ್ತನ ಕ್ಯಾನ್ಸರ್ ಗಡ್ಡೆಗಳ ಡಿಎನ್‌ಎಯಲ್ಲಿ ಅಪೊಬೆಕ್ ಕಿಣ್ವಗಳು ಬಿಟ್ಟುಹೋದ ಗುರುತು ಕಾಣುತ್ತದೆ. ‘ಟಿ’ ಅಕ್ಷರದ ಪಕ್ಕದ ‘ಸಿ’ ಬದಲಾಗಿರುತ್ತದೆ, ಅದೂ ಒಂದೆರಡು ಕಡೆ ಅಲ್ಲ. ಹಾಗಾದರೆ ಆ ಜೀನ್ ಅಳಿದುಹೋದವರ ಗಡ್ಡೆಯಲ್ಲಿ ಇಂಥ ಬದಲಾವಣೆ ಕಡಿಮೆ ಇರಬೇಕಿತ್ತು. 2014ರಲ್ಲಿ ಸಂಶೋಧಕರು ನೋಡಿದರೆ ಅಲ್ಲಿ ಇನ್ನೂ ಜಾಸ್ತಿ ಇತ್ತು! ಇಲ್ಲಿ ನಾನೇ ಆಶ್ಚರ್ಯಸೂಚಕ ಹಾಕುತ್ತಿದ್ದೇನೆ, ಹಾಕಬೇಕಾದ ಜಾಗ ಇದು.

ಯಾಕೆ ಹೀಗೆ? 22ನೇ ಕ್ರೋಮೋಸೋಮಿನಲ್ಲಿ ಅಪೊಬೆಕ್3ಎ ಮತ್ತು 3ಬಿ ಅಕ್ಕಪಕ್ಕದಲ್ಲೇ ಇವೆ. ನಡುವಿನ ಸುಮಾರು 29,500 ಅಕ್ಷರಗಳ ತುಂಡು ಬಿದ್ದುಹೋದಾಗ 3ಬಿಯ ಕೆಲಸದ ಭಾಗ ಹೋಗುತ್ತದೆ, ಬಾಲ ಮಾತ್ರ ಉಳಿಯುತ್ತದೆ. ಆ ಬಾಲ ಪಕ್ಕದ 3ಎಗೆ ಅಂಟಿಕೊಳ್ಳುತ್ತದೆ. ಹೀಗೆ ಬಾಲ ಬದಲಾದ 3ಎಯ ಆರ್‌ಎನ್‌ಎ, ಅಂದರೆ ಕಿಣ್ವ ತಯಾರಿಸಲು ಜೀನ್‌ನಿಂದ ತೆಗೆದ ನಕಲು, ಬೇಗ ಕರಗುವುದಿಲ್ಲ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. 3ಎ ಕೂಡ ಡಿಎನ್‌ಎ ಬದಲಿಸುವುದರಲ್ಲಿ ಬಲು ಚುರುಕು. ಒಬ್ಬ ಹೋದ ಜಾಗದಲ್ಲಿ ಪಕ್ಕದವನ ಆಟ ಜೋರಾಯಿತು ಎಂಬ ವಿವರಣೆ ಹುಟ್ಟಿದ್ದು ಇದರಿಂದ. ಇಷ್ಟು ಚಂದದ ಕತೆ ಕೈಯಲ್ಲಿಟ್ಟುಕೊಂಡು ನೀವು ಕಳ್ಳನನ್ನು ಕರೆತಂದಿರಿ.

ಇನ್ನೊಂದು ಮಾತು. ಈ ಜೀನ್ ಅಳಿದವರ ಗಡ್ಡೆಗಳಲ್ಲಿ ರೋಗನಿರೋಧಕ ಜೀವಕೋಶಗಳ ಚಟುವಟಿಕೆ ಹೆಚ್ಚು ಕಂಡಿದೆ. ಮಲೇಷ್ಯಾದಲ್ಲಿ ಚೀನೀ, ಮಲಯ ಮತ್ತು ಭಾರತೀಯ ಮೂಲದ ಹೆಂಗಸರನ್ನು ಸೇರಿಸಿ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರ ಕಡೆಗೇ ಬೆರಳು ತೋರಿಸಿತು. ಕಾವಲು ಇಲ್ಲದ ಮನೆಯ ಚಿತ್ರಕ್ಕೆ ಇದು ಪೂರ್ತಿ ಉಲ್ಟಾ. ಅದೇ ಅಧ್ಯಯನದಲ್ಲಿ ಅಪಾಯದ ಅಂಕಿಯೂ ಶಾಂಘೈನಷ್ಟು ದೊಡ್ಡದಿರಲಿಲ್ಲ: ಎರಡೂ ಪ್ರತಿ ಅಳಿದವರಲ್ಲಿ 1.38 ಪಟ್ಟು. ಯುರೋಪಿನ ಕೆಲವು ಅಧ್ಯಯನಗಳಲ್ಲಿ ನಂಟೇ ಕಾಣಲಿಲ್ಲ. 1.76 ಬರೆದವರು 1.38ನ್ನೂ ಬರೆಯಬೇಕು. ದೊಡ್ಡದನ್ನು ಮಾತ್ರ ಆರಿಸಿಕೊಳ್ಳುವ ಹಕ್ಕು ನಮಗಿಲ್ಲ.

ಕೊನೆಯ ಪುಟದ ಈ ಸಾಲು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು:

“ಈ ಅಳಿವು ಏಷ್ಯಾದವರಲ್ಲಿ ಹೆಚ್ಚು. ಹಾಗಾಗಿಯೇ ಏಷ್ಯಾದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಏರುತ್ತಿದೆ.”

ಮೊದಲ ವಾಕ್ಯ ಪೂರ್ವ ಏಷ್ಯಾದ ಮಟ್ಟಿಗೆ ನಿಜ. ಯುರೋಪಿನಲ್ಲಿ ಅಳಿದ ಪ್ರತಿ ಶೇ 6ರ ಆಸುಪಾಸು, ಆಫ್ರಿಕಾದಲ್ಲಿ ಶೇ 1ಕ್ಕೂ ಕಡಿಮೆ. ಆದರೆ ಸ್ತನ ಕ್ಯಾನ್ಸರ್ ಎಲ್ಲಿ ಜಾಸ್ತಿ? ಪೂರ್ವ ಏಷ್ಯಾಕ್ಕಿಂತ ಪಶ್ಚಿಮ ಯುರೋಪಿನಲ್ಲಿ. ಜೀನ್ ಅಳಿವು ಕಡಿಮೆ ಇರುವ ಕಡೆ ಕಾಯಿಲೆ ಜಾಸ್ತಿ, ಅಳಿವು ಜಾಸ್ತಿ ಇರುವ ಕಡೆ ಕಾಯಿಲೆ ಕಡಿಮೆ. ನಿಮ್ಮ ‘ಹಾಗಾಗಿಯೇ’ ಇಲ್ಲೇ ಕುಸಿಯುತ್ತದೆ. ಶಾಂಘೈ ಅಧ್ಯಯನ ಹೋಲಿಸಿದ್ದು ಶಾಂಘೈನ ಹೆಂಗಸರನ್ನು ಶಾಂಘೈನ ಹೆಂಗಸರ ಜೊತೆ. ಒಂದು ಖಂಡಕ್ಕೂ ಇನ್ನೊಂದು ಖಂಡಕ್ಕೂ ಇರುವ ವ್ಯತ್ಯಾಸದ ಬಗ್ಗೆ ಅದು ಏನನ್ನೂ ಹೇಳಿಲ್ಲ.

‘ಏರುತ್ತಿದೆ’ ಎಂಬುದಕ್ಕಂತೂ ಈ ಜೀನ್ ಕಾರಣವಾಗಲು ಸಾಧ್ಯವೇ ಇಲ್ಲ. ಈ ಅಳಿವು ಬಹಳ ಹಳೆಯದು. ಒಂದೆರಡು ತಲೆಮಾರಿನಲ್ಲಿ ಜನರ ಜೀನ್ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ. ಮೊದಲ ಹೆರಿಗೆ ತಡವಾಗುವುದು, ಮಕ್ಕಳು ಕಡಿಮೆಯಾಗುವುದು, ಎದೆಹಾಲು ಕುಡಿಸುವ ಕಾಲ ಕುಗ್ಗುವುದು, ಮುಟ್ಟು ನಿಂತ ಮೇಲೆ ತೂಕ ಏರುವುದು, ಮದ್ಯ. ತಪಾಸಣೆ ಹೆಚ್ಚಾದಂತೆ ಪತ್ತೆಯಾಗುವುದೂ ಹೆಚ್ಚುತ್ತದೆ. ಚೀನಾ, ಜಪಾನ್, ಫಿಲಿಪ್ಪೀನ್ಸ್‌ನಿಂದ ಅಮೆರಿಕಕ್ಕೆ ಹೋದ ಕುಟುಂಬಗಳ ಹೆಂಗಸರನ್ನು ನೋಡಿದ 1993ರ ಅಧ್ಯಯನ ಇದೆ. ಅಲ್ಲಿ ನೆಲೆಸಿ ತಲೆಮಾರು ಕಳೆದಂತೆ ಅಪಾಯ ಏರುತ್ತಾ ಹೋಗಿತ್ತು. ಅಜ್ಜಿಯ ಜೀನೇ ಮೊಮ್ಮಗಳದ್ದೂ. ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಪ್ಯಾರಾ ಇರಲೇಬೇಕು.

ಉಳಿದ ಪುಟಗಳ ಬಗ್ಗೆ ಈಗ ಮಾತಾಡುವುದಿಲ್ಲ. ಕಾಗುಣಿತ ನಾವು ನೋಡಿಕೊಳ್ಳುತ್ತೇವೆ. ಶೀರ್ಷಿಕೆ ಬದಲಾಗಬೇಕು. ಯಾವ ಹೆಣ್ಣೂ ತನ್ನ ಮೈಯೊಳಗೆ ಶತ್ರು ಕೂತಿದೆ ಎಂದು ನಮ್ಮ ಪುಟದಲ್ಲಿ ಓದುವುದು ನನಗೆ ಬೇಡ. ಶಾಂಘೈ ಎಂದಿರುವ ಕಡೆ ಶಾಂಘೈ ಎಂದೇ ಬರೆಯಿರಿ, ಅದನ್ನು ಏಷ್ಯಾ ಮಾಡಬೇಡಿ.

ಒಂದು ಹೊಸ ಭಾಗ ಬರೆಯಬೇಕು. ಲೇಖನ ಓದಿ ಮುಗಿಸಿದವರು ಕೇಳುವುದು ಒಂದೇ: ನಾನೂ ಈ ಟೆಸ್ಟ್ ಮಾಡಿಸಬೇಕಾ? ನೀವು ಎಲ್ಲೂ ಉತ್ತರ ಕೊಟ್ಟಿಲ್ಲ. ಈ ಒಂದು ಅಳಿವನ್ನು ನೋಡಿ ವೈದ್ಯರು ಚಿಕಿತ್ಸೆಯನ್ನೋ ತಪಾಸಣೆಯನ್ನೋ ತೀರ್ಮಾನಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ತಾಯಿ, ಅಕ್ಕ ತಂಗಿಯರಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಆಗಿದ್ದರೆ, ಅಥವಾ ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದರೆ, ಬಿಆರ್‌ಸಿಎ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು ಎಂದು ಬರೆಯಿರಿ. ತಂದೆಯ ಕಡೆಯಿಂದಲೂ ಅದು ಬರಬಹುದು, ಅದನ್ನು ಬಿಡಬೇಡಿ. ಗಂಟು ಕೈಗೆ ಸಿಕ್ಕರೆ, ಚರ್ಮ ಒಳಕ್ಕೆ ಎಳೆದ ಹಾಗೆ ಕಂಡರೆ, ತೊಟ್ಟಿನಿಂದ ರಕ್ತ ಬಂದರೆ, ಯಾವ ಜೀನ್ ಇದ್ದರೂ ಇಲ್ಲದಿದ್ದರೂ ಆ ವಾರವೇ ಹೋಗಿ ತೋರಿಸಬೇಕು ಎಂದು ಬರೆಯಿರಿ. ಹೆದರಿಸದೆ, ಹಗುರ ಮಾಡದೆ.

ಇಡೀ ಲೇಖನ ತಿದ್ದಲು ಕೂರುವ ಮೊದಲು ಈ ಭಾಗವೊಂದನ್ನೇ ಬರೆದು ನನಗೆ ಕಳಿಸಿ. ಅದು ಬಂದ ದಿನವೇ ಓದಿ ಉತ್ತರ ಬರೆಯುತ್ತೇನೆ.