ಮೂರು ದಿನ ಕೂತು ಬರೆದ ಲೇಖನಕ್ಕೆ ಸೊನ್ನೆ ಯಾಕೆ?

ನಿಮ್ಮ ಪ್ರಶ್ನೆ ಇದು: ಓದುಗರ ಓಟು ನೋಡಿ ಬರೆದವರಿಗೆ ಕ್ರಿಪ್ಟೋ ನಾಣ್ಯದಲ್ಲಿ ಹಣ ಕೊಡುವ ಬ್ಲಾಗ್ ತಾಣ ಸ್ಟೀಮಿಟ್‌ನಲ್ಲಿ ಮೂರು ದಿನ ಕೂತು ಬರೆದ ಲೇಖನಕ್ಕೆ ಏನೂ ಸಿಗಲಿಲ್ಲ, ಇನ್ನೊಬ್ಬರ ಕಾಫಿ ಲೋಟದ ಫೋಟೋಗೆ ದುಡ್ಡು ಬಂತು. ಹಾಗಾದರೆ ಅಲ್ಲಿ ಗುಣಮಟ್ಟ ನೋಡುವವರು ಯಾರು?

ನಿಮ್ಮ ಬೇಸರ ನನಗೆ ಗೊತ್ತು. 2018ರಲ್ಲಿ ಇಂಥದೇ ಒಂದು ತಾಣದಲ್ಲಿ ನಮ್ಮ ಮನೆಯ ಅಡಿಕೆ ಸುಲಿತದ ಬಗ್ಗೆ ಬರೆದು, ಏಳು ದಿನ ಕಾದು, ಸೊನ್ನೆ ನೋಡಿದವನು ನಾನು.

ಅಲ್ಲಿ ಸಂಪಾದಕರು ಅಂತ ಯಾರೂ ಇಲ್ಲ. ಓದುಗರ ಓಟೇ ಎಲ್ಲ. ಆದರೆ ಎಲ್ಲರ ಓಟಿಗೂ ಒಂದೇ ತೂಕ ಇಲ್ಲ. ಖಾತೆಯಲ್ಲಿ ಸ್ಟೀಮ್ ಪವರ್, ಅಂದರೆ ಕೂಡಿಟ್ಟ ಸ್ಟೀಮ್ ನಾಣ್ಯ, ಜಾಸ್ತಿ ಇದ್ದವರ ಓಟಿಗೆ ಬೆಲೆ ಜಾಸ್ತಿ. ಅವರನ್ನು ವೇಲ್, ಅಂದರೆ ತಿಮಿಂಗಿಲ ಅನ್ನುತ್ತಾರೆ. ಸಣ್ಣ ಖಾತೆಯವರು ಮಿನ್ನೋ, ಪುಟ್ಟ ಮೀನು. ನೂರು ಪುಟ್ಟ ಮೀನುಗಳು ಮೆಚ್ಚಿದರೂ ಒಂದು ತಿಮಿಂಗಿಲದ ಓಟಿಗೆ ಸಮ ಆಗದೆ ಹೋಗಬಹುದು. ಏಳು ದಿನಕ್ಕೆ ಲೆಕ್ಕ ಮುಗಿಯಿತು. ಎಂಟನೇ ದಿನ ಯಾರು ಎಷ್ಟು ಮೆಚ್ಚಿದರೂ ಆ ಬರಹಕ್ಕೆ ಕಾಸು ಸೇರುವುದಿಲ್ಲ.

ಬರಹಕ್ಕೆ ಬಂದ ಹಣದಲ್ಲಿ ಓಟು ಹಾಕಿದವರಿಗೂ ಪಾಲು ಇದೆ. ಮೊದಲು ಕಾಲು ಭಾಗ ಇತ್ತು, 2019ರ ಆಗಸ್ಟ್‌ನಿಂದ ಅರ್ಧಕ್ಕರ್ಧ. ಒಳ್ಳೆಯದನ್ನು ಹುಡುಕಿ ಓದಲಿ ಅಂತ ಮಾಡಿದ ಏರ್ಪಾಡು ಇದು. ಆದರೆ ಪೂರ್ತಿ ಬಲದ ಒಂದು ಓಟಿಗೆ ಓಟು ಹಾಕುವ ಶಕ್ತಿ ಶೇ 2ರಷ್ಟು ಇಳಿಯುತ್ತದೆ, ದಿನಕ್ಕೆ ಶೇ 20ರಷ್ಟು ಮತ್ತೆ ತುಂಬುತ್ತದೆ. ಅಂದರೆ ದಿನಕ್ಕೆ ಹತ್ತು ಓಟು. ದಿನಾ ಹತ್ತು ಒಳ್ಳೆಯ ಬರಹ ಹುಡುಕಿ ಓದುವುದಕ್ಕೆ ಎಷ್ಟು ಹೊತ್ತು ಬೇಕು, ಅಲ್ವಾ? ಹಾಗಾಗಿ ಎಷ್ಟೋ ಜನ ಈಗಾಗಲೇ ಚೆನ್ನಾಗಿ ಗಳಿಸುವವರ ಹೆಸರಿಗೆ ಆಟೋ ಓಟು ಇಟ್ಟುಬಿಡುತ್ತಾರೆ. ಅಂಥವರು ಕಾಫಿ ಲೋಟದ ಫೋಟೋ ಹಾಕಿದರೂ ಓಟು ಬಂದು ಬೀಳುತ್ತದೆ. ಇನ್ನು ಬಿಡ್ ಬಾಟ್ ಅನ್ನುವ ತಂತ್ರಾಂಶಗಳಿದ್ದವು, ದುಡ್ಡು ಕಳಿಸಿದರೆ ಓಟು. ಇದರಲ್ಲೆಲ್ಲ ಬರಹವನ್ನು ಯಾರೂ ಓದಿರುವುದೇ ಇಲ್ಲ. ನನಗೆ ನೋವಾಗುವುದು ದುಡ್ಡಿಗಲ್ಲ, ಇದಕ್ಕೆ.

ಮೀಡಿಯಂ ಅನ್ನುವ ಇನ್ನೊಂದು ಬರಹದ ತಾಣ ಕೂಡ 2017ರಲ್ಲಿ ಓದುಗರು ಒತ್ತುವ ಚಪ್ಪಾಳೆ ಎಣಿಸಿ ಹಣ ಹಂಚುತ್ತಿತ್ತು. 2019ರಲ್ಲಿ ಅದನ್ನು ಬಿಟ್ಟು, ಚಂದಾದಾರರು ಓದಿದ ಸಮಯವನ್ನು ಲೆಕ್ಕಕ್ಕೆ ಹಿಡಿಯಿತು.

ದಯವಿಟ್ಟು ಓಟು ಕೊಳ್ಳಬೇಡಿ. ಸ್ಟೀಮಿಟ್‌ನಲ್ಲಿ ಕ್ಯೂರಿಯಂಥ ತಂಡಗಳು ಹೊಸಬರ ಬರಹವನ್ನು ಹುಡುಕಿ, ಓದಿ ಓಟು ಹಾಕುತ್ತಿದ್ದವು. ಅಂಥ ಓದುಗರು ಎಲ್ಲಿದ್ದಾರೆ ನೋಡಿ. ಬೇರೆಯವರದ್ದನ್ನು ಓದಿ, ಸುಮ್ನೆ ‘ಸೂಪರ್’ ಅನ್ನದೆ ಎರಡು ಸಾಲು ಬರೆಯಿರಿ.

ನನ್ನ ಆ ಅಡಿಕೆ ಲೇಖನಕ್ಕೆ ಒಂಬತ್ತನೇ ದಿನ ಒಂದು ಕಮೆಂಟ್ ಬಂತು. ಮೆಟ್ಟುಗತ್ತಿ ಹೇಗಿರುತ್ತದೆ, ಫೋಟೋ ಹಾಕುತ್ತೀರಾ ಅಂತ ಯಾರೋ ಕೇಳಿದ್ದರು. ಅವತ್ತೇ ಸಂಜೆ ಅಟ್ಟದಿಂದ ಕತ್ತಿ ಇಳಿಸಿ, ಒರೆಸಿ, ಜಗಲಿಯ ಬೆಳಕಲ್ಲಿ ಫೋಟೋ ತೆಗೆದೆ.