ಬೀದರ್‌ನಲ್ಲಿ ಹೋಂಸ್ಟೇ ನಡೆಯುತ್ತಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಕೆಲಸ ಬಿಟ್ಟು, ಬೀದರ್‌ನ ಹಳೇ ಮನೆಯನ್ನು ಚಿಕ್ಕಮಗಳೂರಿನ ಥರ ಹೋಂಸ್ಟೇ ಮಾಡಿದರೆ ನಡೆಯುತ್ತಾ? ನಮ್ಮ ಕಡೆಯವರಿಗೆ ಬಿಸಿನೆಸ್ ಬುದ್ಧಿ ಇಲ್ಲ ಅಂತಾರಲ್ಲ, ಅದು ಖರೇನಾ?

ನಾನು ಇಲ್ಲೇ ಪ್ರವಾಸಿಗರನ್ನು ಕಾರಿನಲ್ಲಿ ಸುತ್ತಾಡಿಸಿ ಹೊಟ್ಟೆ ಹೊರೆಯುವವನು. ನಾನಾಗಿದ್ದರೆ ಈಗಲೇ ಸಾಲ ಮಾಡುತ್ತಿರಲಿಲ್ಲ. ಬೀದರ್‌ನಲ್ಲಿ ರೂಮಿಗೆ ಕೊರತೆ ಇಲ್ಲ, ರಾತ್ರಿ ಉಳಿಯೋಕೆ ನೆಪ ಇಲ್ಲ. ಹೈದರಾಬಾದ್ ಸುಮಾರು 140 ಕಿಲೋಮೀಟರ್. ಅಲ್ಲಿಂದ ಬೆಳಿಗ್ಗೆ ಬರುತ್ತಾರೆ. ಕೋಟೆ, ಗವಾನ್ ಮದರಸಾ, ಅಷ್ಟೂರಿನ ಗುಮ್ಮಟ ನೋಡಿ, ಫೋಟೋ ತೆಗೆದು ಸಂಜೆಗೆ ಹೊರಟೇಬಿಡುತ್ತಾರೆ. ಯಾತ್ರಿಗಳೋ, ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ ಪುಕ್ಕಟೆ ಉಣ್ಣುತ್ತಾರೆ. ಅವರು ನಿಮ್ಮ ಗಿರಾಕಿಗಳಲ್ಲ.

ಬುದ್ಧಿ ಇಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಸಂಕೋಚ ಜಾಸ್ತಿ ಅನ್ನಿ, ಒಪ್ಪುತ್ತೇನೆ. ಇದು ದಾಸೋಹದ ಸೀಮೆ. ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಹೋದವರು ಪ್ರಸಾದ ಉಂಡೇ ಬರುತ್ತಾರೆ. ಹಾಗಿರುವಾಗ ಮನೆಗೆ ಬಂದವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ ಬಿಲ್ ಕೊಡೋದು ನಮ್ಮ ಅವ್ವಂದಿರಿಗೆ ಆಗದ ಮಾತು. ರೇಟು ಮೊದಲೇ ಫೋನಿನಲ್ಲಿ ಮಾತಾಡಿ, ದುಡ್ಡು ಆಗಲೇ ಹಾಕಿಸಿಕೊಳ್ಳಿ. ಆಮೇಲೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ ಅಂತ ಅವ್ವ ಎಷ್ಟಾದರೂ ಒತ್ತಾಯ ಮಾಡಲಿ, ಅದಕ್ಕೆ ಲೆಕ್ಕ ಬೇಡ.

ಉಳಿಸಿಕೊಳ್ಳೋಕೆ ನಮ್ಮ ಹತ್ತಿರ ಇರುವ ದೊಡ್ಡ ನೆಪ ಬಿದರಿ, ಕಪ್ಪು ಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂಡಿಸುವ ಕೆಲಸ. 2006ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನೋ ಗುರುತು, ಸಿಕ್ಕ ಕಲೆ. ಅಂಗಡಿಯಲ್ಲಿ ಡಬ್ಬಿ ನೋಡೋದು ಬೇರೆ, ಅದು ಕಪ್ಪಾಗೋದನ್ನು ನೋಡೋದು ಬೇರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದಿರುತ್ತಾರೆ. ಉಳಿಯಿಂದ ಗೀರು ತೆಗೆದು, ಅದರೊಳಗೆ ಬೆಳ್ಳಿ ತಂತಿ ಕೂಡಿಸಿ ಬಡಿಯುತ್ತಾರೆ. ಅಲ್ಲಿವರೆಗೆ ಬೆಳ್ಳಿ ಯಾವುದು, ಸತು ಯಾವುದು ಅಂತ ಕಣ್ಣಿಗೆ ಸರಿಯಾಗಿ ಗೊತ್ತಾಗಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣು. ಕೆಲವರು ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಆರಿಸುತ್ತಾರೆ. ಮಣ್ಣಿಗೆ ನವಸಾಗರ ಅನ್ನೋ ಒಂಥರಾ ಉಪ್ಪು ಸೇರಿಸಿ ಬಿಸಿ ಪಾತ್ರೆಗೆ ತಿಕ್ಕಿದರೆ ಸತು ಇದ್ದಲಿನ ಹಾಗೆ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿದು ಹೊಳೆಯುತ್ತದೆ.

ಇದನ್ನೆಲ್ಲ ಇವತ್ತು ಸುಮ್ನೆ ತೋರಿಸುತ್ತಾರೆ. ಕುಶಲಕರ್ಮಿಯ ಅರ್ಧ ದಿನ ಹೋಗುತ್ತದೆ, ಬಂದವರು ಒಂದು ಕೀಚೈನ್ ಕೊಂಡು, ಅದಕ್ಕೂ ಚೌಕಾಸಿ ಮಾಡಿ ನಡೆಯುತ್ತಾರೆ. ಆ ಅರ್ಧ ದಿನಕ್ಕೇ ಬೆಲೆ ಕಟ್ಟಿ. ಶನಿವಾರ ಮಧ್ಯಾಹ್ನ ಬರಲಿ, ಸಂಜೆ ಅಷ್ಟೂರು ನೋಡಲಿ, ರಾತ್ರಿ ಊಟ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಬಿದರಿ ಕೆಲಸ. ಕಮಿಷನ್ ಲೆಕ್ಕಕ್ಕೆ ಕೈ ಹಾಕಬೇಡಿ. ಕುಶಲಕರ್ಮಿಗೆ ಅವರ ಹೊತ್ತಿನ ಕೂಲಿ ನೇರವಾಗಿ ಕೊಡಿ, ಇಲ್ಲದಿದ್ದರೆ ಎರಡನೇ ಸಲ ಬಾಗಿಲು ತೆಗೆಯಲ್ಲ, ತೆಗೆಯಲೂಬಾರದು.

ಮನೆ ಹಳೇ ಊರಿನೊಳಗೆ ಇದ್ದರೆ ಇನ್ನೊಂದು ತೊಡಕಿದೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ 200 ಮೀಟರ್‌ವರೆಗೂ ಅನುಮತಿ ಬೇಕು. ರಿಪೇರಿಗೂ ಪರವಾನಗಿ ಕೇಳುತ್ತಾರೆ. ಗಾರೆ ಕಲಸೋ ಮೊದಲೇ ವಿಚಾರಿಸಿ.

ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಎರಡು ತಿಂಗಳು ಆದಾಯ ಸೊನ್ನೆ ಅಂತಲೇ ಬರೆದುಕೊಳ್ಳಿ. ರಾಜೀನಾಮೆಗೆ ಅವಸರ ಯಾಕೆ? ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ವಾರಾಂತ್ಯಕ್ಕೆ ಮಾತ್ರ ಊರಿಗೆ ಬಂದು, ಇರುವ ಮನೆಯಲ್ಲೇ ಎರಡು ಕೋಣೆ ಸುಣ್ಣ ಹೊಡೆಸಿ ಶುರು ಮಾಡಿ ನೋಡಿ.